ನಲವತ್ತೇಳು ಸಲ ಸತ್ತ ವೀರ

ಪ್ರೂಫ್ ಮೇಷ್ಟ್ರು ಜೀವಮಾನದಲ್ಲಿ ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಅವರು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು. ಕೈಯಲ್ಲಿ ಸದಾ ಕೆಂಪು ಪೆನ್ನು ಹಿಡಿದವರನ್ನು ಮೇಷ್ಟ್ರು ಅನ್ನದೆ ಇನ್ನೇನನ್ನುವುದು ಎಂದು ಮೆಷಿನ್ನಿನವರು ಶುರು ಮಾಡಿದ್ದು. ಈಗ ಹೆಂಡತಿಯ ತವರಿನವರೂ ಹಾಗೆಯೇ ಕರೆಯುತ್ತಾರೆ. ಮೂವತ್ತೊಂದು ವರ್ಷಗಳಿಂದ ಅವರು ಕಾಯಿದೆ ಪುಸ್ತಕ, ಶಾಲೆಯ ಗಣಿತ, ಬಸ್ಸಿನ ವೇಳಾಪಟ್ಟಿ, ಔಷಧದ ಡಬ್ಬಿಯೊಳಗೆ ಮಡಚಿಡುವ ಯಾರೂ ಓದದ ಚೀಟಿ, ಎಲ್ಲವನ್ನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿದ್ದರು. ಈಗ ಎಣ್ಣೆಯೂ ಮುಗಿದಿತ್ತು, ಕಣ್ಣೂ ಮಂಜಾಗಿತ್ತು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು.

ಅವರಿಗೆ ಉಳಿದಿದ್ದದ್ದು ಒಂದೇ ಆಸೆ. ಹೋಗುವುದರೊಳಗೆ ಒಂದು ಪುಸ್ತಕದಲ್ಲಾದರೂ ತಮ್ಮ ಹೆಸರು ಅಚ್ಚಾಗಬೇಕು. ಬರೆದವರ ಹೆಸರು ಬರುತ್ತದೆ, ಮುಖಪುಟದ ಚಿತ್ರ ಮಾಡಿದವರ ಹೆಸರು ಬರುತ್ತದೆ, ಕಾಗದ ಕೊಟ್ಟ ಅಂಗಡಿಯ ಹೆಸರೂ ಬರುತ್ತದೆ. ಪ್ರೂಫ್ ನೋಡಿದವರ ನೆನಪು ಜನಕ್ಕೆ ಆಗುವುದು ತಪ್ಪು ಸಿಕ್ಕಾಗ ಮಾತ್ರ. ಮೇಷ್ಟ್ರು ತಪ್ಪು ಬಿಡುವವರೇ ಅಲ್ಲವಾದ್ದರಿಂದ ಇಷ್ಟು ವರ್ಷ ಅವರನ್ನು ಯಾರೂ ನೆನೆದಿರಲಿಲ್ಲ.

ಅಂಥ ಹೊತ್ತಿನಲ್ಲಿ ಪ್ರೆಸ್ಸಿನ ಯಜಮಾನರು ಒಂದು ಕಟ್ಟು ತಂದು ಅವರ ಮೇಜಿನ ಮೇಲೆ ಹಾಕಿದರು. ಆರುನೂರ ಹನ್ನೆರಡು ಪುಟದ ಕಾದಂಬರಿ, ಹೆಸರು 'ಏಳು ಸೇತುವೆಗಳ ದೊಂದಿವೀರ'. ಊರಿನ ಅರ್ಧ ಜನ ಟೀವಿಯ ಮುಂದೆ ಕೂತು ಆಡುವ ಒಂದು ವಿಡಿಯೋ ಆಟವಿದೆಯಂತೆ. ಅದರಲ್ಲಿ ದೊಂದಿ ಹಿಡಿದ ವೀರನೊಬ್ಬ ಏಳು ಸೇತುವೆ ದಾಟಿ, ಬೆಟ್ಟದ ಮೇಲಿನ ಘಟಸರ್ಪವನ್ನು ಕೊಲ್ಲಬೇಕಂತೆ. ಆ ಲೋಕದ ಕಥೆಯನ್ನು ಕಾದಂಬರಿ ಮಾಡಿದವರು ಯಜಮಾನರ ಅಕ್ಕನ ಗಂಡ. ಅವರು ಇಪ್ಪತ್ತು ವರ್ಷ ಜೀವವಿಮೆ ಮಾರಿ, ಕೊನೆಗೆ ಅದನ್ನು ಬಿಟ್ಟು ಕಾದಂಬರಿಕಾರರಾಗಿದ್ದರು. ಅಕ್ಕನ ಗಂಡನ ಪುಸ್ತಕ ಅಂದಮೇಲೆ ಯಜಮಾನರು ಇಲ್ಲ ಅನ್ನುವಂತಿರಲಿಲ್ಲ. ಅಕ್ಕನಿಗೆ ಅವರು ಇವತ್ತಿಗೂ ಹೆದರುತ್ತಾರೆ.

ಮೇಷ್ಟ್ರು ಕಟ್ಟನ್ನು ತೂಗಿ ನೋಡಿ, ನಿಟ್ಟುಸಿರು ಬಿಟ್ಟು, ಬದುಕಿನಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದರು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಕೆಳಗೆ, ಸಣ್ಣ ಅಕ್ಷರದಲ್ಲಾದರೂ ಸರಿ, ಕರಡು ತಿದ್ದಿದವರು ಇಂಥವರು ಎಂದು ಹಾಕಬಹುದೇ ಎಂದು. ಹೊಸ ಮೆಷಿನ್ನು ಇಳಿಸುವ ಗಡಿಬಿಡಿಯಲ್ಲಿದ್ದ ಯಜಮಾನರು ಹಾಕಿಕೊಳ್ಳಿ ಅಂದುಬಿಟ್ಟರು.

ಮೊದಲ ನಲವತ್ತು ಪುಟ ಚೆನ್ನಾಗಿಯೇ ಹೋಯಿತು. ವೀರ ಬಾವಿಕಟ್ಟೆಯ ಪಕ್ಕದಲ್ಲಿ ಕಣ್ಣು ಬಿಡುತ್ತಾನೆ, ಕಮ್ಮಾರನ ಹತ್ತಿರ ಕತ್ತಿ ಮಾಡಿಸುತ್ತಾನೆ, ಛತ್ರದ ಮುದುಕಿ ಕೋಣೆ ಕೊಡುತ್ತಾಳೆ. ನಡುವೆ ಊರವರ ಮನೆಗಳಿಗೆ ನುಗ್ಗಿ ಮಡಕೆ ಒಡೆದು ಒಳಗಿದ್ದದ್ದನ್ನೆಲ್ಲ ಜೇಬಿಗೆ ಹಾಕಿಕೊಳ್ಳುತ್ತಾನೆ. ಮನೆಯವರು ಮಾತೇ ಆಡದೆ ನಿಂತಿರುತ್ತಾರೆ. ಮೇಷ್ಟ್ರು ಅಂಚಿನಲ್ಲಿ 'ಮನೆಯವರು ಸುಮ್ಮನಿರಲು ಕಾರಣ? ಲೇಖಕರು ಪರಿಶೀಲಿಸಲಿ' ಎಂದು ಬರೆದರು. ನಲವತ್ತೊಂದನೆಯ ಪುಟದಲ್ಲಿ, ಮೊದಲನೆಯ ಸೇತುವೆಯ ಮೇಲೆ, ಒಬ್ಬ ರಾಕ್ಷಸ ವೀರನ ತಲೆಯ ಮೇಲೆ ಗದೆ ಇಳಿಸಿದ. ವೀರ ಸತ್ತ. ಸತ್ತ ಎಂದೇ ಬರೆದಿತ್ತು, ಅನುಮಾನಕ್ಕೆ ಎಡೆಯಿರಲಿಲ್ಲ.

ನಲವತ್ತೆರಡನೆಯ ಪುಟದಲ್ಲಿ ವೀರ ಬಾವಿಕಟ್ಟೆಯ ಪಕ್ಕದಲ್ಲಿ ಕಣ್ಣು ಬಿಟ್ಟ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಕ್ಷರಕ್ಕೆ ಅಕ್ಷರ ಏಳನೆಯ ಪುಟದ ಸಾಲು. ಅಕ್ಷರ ಜೋಡಿಸುವವರು ಒಂದೇ ಪುಟವನ್ನು ಎರಡು ಸಲ ಜೋಡಿಸಿದ್ದಾರೆಂದು ಅವರಿಗೆ ತಕ್ಷಣ ಹೊಳೆಯಿತು. ಕಾಯಿದೆ ಪುಸ್ತಕದಲ್ಲಿ ಇಂಥದ್ದು ಅವರು ನೂರು ಕಂಡಿದ್ದರು. ಅಡ್ಡಗೆರೆ ಎಳೆದರು. ಮುಂದೆ ಹೋದರೆ ವೀರ ಮತ್ತೆ ಅದೇ ಸೇತುವೆಯಲ್ಲಿ ಸತ್ತು ಮತ್ತೆ ಅದೇ ಬಾವಿಯ ಹತ್ತಿರ ಎದ್ದ. ಸಂಜೆಯ ಹೊತ್ತಿಗೆ ಮೇಷ್ಟ್ರು ಎಣಿಸಿದರು: ಒಟ್ಟು ನಲವತ್ತೇಳು ಸಾವು. ಜೀವವಿಮೆ ಮಾರಿದ ಮನುಷ್ಯ ಇಷ್ಟು ಧಾರಾಳವಾಗಿ ಕೊಂದದ್ದು ಅವರಿಗೆ ಸೋಜಿಗವಾಯಿತು.

ನಿಜ ಸಂಗತಿ ಏನೆಂದರೆ, ಕಾದಂಬರಿಕಾರರು ಒಂದು ಕೈಯಲ್ಲಿ ಆಟ ಆಡುತ್ತ ಇನ್ನೊಂದು ಕೈಯಲ್ಲಿ ಬರೆದಿದ್ದರು. ಆಟದಲ್ಲಿ ಸತ್ತವನು ಬಾವಿಯ ಹತ್ತಿರ ಏಳುವುದು ನಿಯಮ. ತಾವು ಸತ್ತಾಗಲೆಲ್ಲ ಅವರು ಪ್ರಾಮಾಣಿಕವಾಗಿ ವೀರ ಸತ್ತ ಎಂದೂ, ಎದ್ದಾಗಲೆಲ್ಲ ಎದ್ದ ಎಂದೂ ದಾಖಲು ಮಾಡಿದ್ದರು. ಆಟ ಆಡುವವರಿಗೆ ಇದರಲ್ಲಿ ವಿಶೇಷವೇನಿಲ್ಲ. ಆದರೆ ಮೇಷ್ಟ್ರು ಆಡಿದ ಕೊನೆಯ ಆಟ ಗೋಲಿ.

ಅವರು ಕಾದಂಬರಿಕಾರರಿಗೆ ಆರು ಸಲ ಫೋನ್ ಮಾಡಿದರು. ಆಟದ ಎರಡನೆಯ ಭಾಗ ಬಂದಿದ್ದರಿಂದ ಅವರು ಫೋನ್ ಎತ್ತದೆ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಮೇಷ್ಟ್ರು ಯಜಮಾನರ ಹತ್ತಿರ ಹೋಗಿ, ಸತ್ತವನು ಎದ್ದು ಬರುತ್ತಿದ್ದಾನೆ, ಏನು ಮಾಡಲಿ ಎಂದು ಕೇಳಿದರು. ಯಜಮಾನರು ಹೊಸ ಮೆಷಿನ್ನಿನ ಅಡಿಯಲ್ಲಿ ಅರ್ಧ ನುಗ್ಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು.

"ನಿಮಗೆ ಸರಿ ಅನಿಸಿದ್ದು ಮಾಡಿ ಮೇಷ್ಟ್ರೇ. ಇದೊಂದು ವಿಷಯ ನನ್ನ ಕೇಳಬೇಡಿ" ಎಂದವು ಕಾಲುಗಳು.

ಪ್ರೂಫ್ ನೋಡುವವರಿಗೆ ಒಂದು ಧರ್ಮವಿದೆ: ಸೇರಿಸುವ ಅಧಿಕಾರ ಇಲ್ಲ, ತೆಗೆಯುವ ಅಧಿಕಾರ ಮಾತ್ರ. ಇನ್ನೊಬ್ಬರಾಗಿದ್ದರೆ ವೀರನಿಗೆ ಒಬ್ಬ ತಮ್ಮನನ್ನು ಹುಟ್ಟಿಸಿ ಕಥೆ ಮುಂದೆ ತಳ್ಳುತ್ತಿದ್ದರು. ಮೇಷ್ಟ್ರು ಅಂಥ ಅನ್ಯಾಯ ಮಾಡಲಿಲ್ಲ. ಒಮ್ಮೆ ಸತ್ತವನು ಆಮೇಲೆ ಮಾಡಿದ್ದೆಲ್ಲ ಅಸಂಭವ ಎಂದು ತೀರ್ಮಾನಿಸಿ, ಅಲ್ಲಿಂದ ಮುಂದೆ ವೀರ ಬರುವ ಪುಟಗಳನ್ನೆಲ್ಲ ಅಡ್ಡಗೆರೆ ಎಳೆದು ತೆಗೆದರು. ವೀರನಿಲ್ಲದ ತೊಂಬತ್ತು ಪುಟ ಉಳಿಯಿತು. ಅದರಲ್ಲಿ ಕಮ್ಮಾರ ಕತ್ತಿ ಮಸೆಯುತ್ತ ದಾರಿ ನೋಡುತ್ತಾನೆ, ರಾಣಿ ಸುದ್ದಿ ಬಂತೇ ಎಂದು ಕೇಳುತ್ತಾಳೆ, ಛತ್ರದ ಮುದುಕಿ ದಿನಾ ಅವನ ಕೋಣೆ ಗುಡಿಸುತ್ತಾಳೆ. ಮೊದಲಿನ ನಲವತ್ತೊಂದೂ ಸೇರಿ ನೂರ ಮೂವತ್ತೊಂದು ಪುಟ. ಒಂದೇ ಒಂದು ತಪ್ಪಿರಲಿಲ್ಲ.

ಗೊಣಗಿದವನು ಬೈಂಡರ್ ಒಬ್ಬನೇ. ಮುಖಪುಟ ಆರುನೂರು ಪುಟದ ಅಳತೆಗೆ ಮೊದಲೇ ಅಚ್ಚಾಗಿತ್ತು. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗಾಯಿತು ಎಂದು ಅವನು ಅದನ್ನು ಮಡಚಿ ಮಡಚಿ ಅಂಟಿಸಿದ. ಮೇಷ್ಟ್ರ ಹೆಂಡತಿ ಮಾತ್ರ ಪುಸ್ತಕದ ದಪ್ಪವನ್ನೇ ನೋಡಲಿಲ್ಲ. ಶೀರ್ಷಿಕೆ ಪುಟದ ಹಿಂಬದಿಯನ್ನು ತೆರೆದು ಹಿಡಿದುಕೊಂಡು ಏಳು ಮನೆ ಹತ್ತಿ ಇಳಿದಳು. ಎದುರು ಮನೆಯ ಟೈಲರು ಕತ್ತರಿ ಕೆಳಗಿಟ್ಟು, ಎರಡು ಸಲ ಓದಿ, ಅಕ್ಷರ ಸ್ವಲ್ಪ ಸಣ್ಣದಾಯಿತು ಅಂದರು. ಹೊಟ್ಟೆಕಿಚ್ಚು ಎಂದು ಆಕೆ ಬಂದು ಗಂಡನಿಗೆ ವರದಿ ಮಾಡಿದಳು.

ಬಿಡುಗಡೆ ಸಮಾರಂಭದ ಸಭಾಂಗಣ ತುಂಬಿತ್ತು. ಬಂದವರೆಲ್ಲ ಆ ಆಟ ಆಡುವವರು: ಬ್ಯಾಂಕಿನವರು, ಬಸ್ಸಿನವರು, ಇಬ್ಬರು ಹಲ್ಲಿನ ಡಾಕ್ಟರು. ಎಲ್ಲರೂ ಬಾಗಿಲಲ್ಲೇ ಪುಸ್ತಕ ಕೊಂಡು, ಭಾಷಣ ಶುರುವಾಗುವುದರೊಳಗೆ ಓದುತ್ತ ಕೂತಿದ್ದರು. ಮುಖ್ಯ ಅತಿಥಿ ಗ್ರಂಥಾಲಯ ಇಲಾಖೆಯ ಅಧಿಕಾರಿ. ಅವರು ಪುಸ್ತಕ ಓದುವ ಅಭ್ಯಾಸವನ್ನು ಇಲಾಖೆ ಸೇರಿದ ದಿನವೇ ಬಿಟ್ಟವರು. ಯಾರೋ ಹಿಂದಿನ ದಿನ ಹೇಳಿದ್ದ ನಾಲ್ಕು ಮಾತು ನಂಬಿಕೊಂಡು, ಬಿದ್ದರೂ ಬಿದ್ದರೂ ಏಳುವ ಈ ವೀರ ನಮಗೆಲ್ಲ ಮಾದರಿ ಎಂದರು. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಹೊತ್ತಿಗೆ ಮುಂದಿನ ಮೂರು ಸಾಲಿನವರು ನಲವತ್ತೊಂದನೆಯ ಪುಟ ದಾಟಿದ್ದರು.

ಆಮೇಲೆ ಕಾದಂಬರಿಕಾರರನ್ನು ಘಟಸರ್ಪವನ್ನು ಕೊಲ್ಲುವ ಕೊನೆಯ ಅಧ್ಯಾಯ ಓದಲು ಕರೆದರು. ಆರು ವಾರದಿಂದ ಬಿಸಿಲು ಕಾಣದ ಮನುಷ್ಯ ಕಣ್ಣು ಕಿರಿದು ಮಾಡಿಕೊಂಡು ಮೈಕಿನ ಮುಂದೆ ಬಂದರು. ಕೊನೆಯ ಪುಟ ತೆರೆದು, ಗಂಟಲು ಸರಿಮಾಡಿಕೊಂಡು ಓದಿದರು: "ಮುದುಕಿ ಕೋಣೆ ಗುಡಿಸಿ, ದೀಪ ಹಚ್ಚಿ, ಬಾಗಿಲು ತೆರೆದಿಟ್ಟಳು. ಅವನು ಇವತ್ತೂ ಬರಲಿಲ್ಲ." ಹಾಳೆ ತಿರುವಿದರು. ಮುಂದೆ ಖಾಲಿ. ಪುಸ್ತಕವನ್ನು ತಲೆಕೆಳಗು ಮಾಡಿ ಒದರಿ ನೋಡಿದರು. ಹಿಂದಿನ ಸಾಲಿನಿಂದ ಒಬ್ಬರು, ಘಟಸರ್ಪ ಏನಾಯಿತು ಎಂದು ಕೇಳಿದರು. ಅದು ಬೆಟ್ಟದ ಮೇಲೆ ಸುಖವಾಗಿತ್ತು.

ಯಾರು ಮಾಡಿದ್ದು ಎಂದು ಹುಡುಕುವ ಕಷ್ಟ ಸಭೆಗೆ ಇರಲಿಲ್ಲ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹೆಸರಿತ್ತು. ಹೆಸರಿದ್ದ ಮನುಷ್ಯನ ವಿಳಾಸ ಗೊತ್ತಿಲ್ಲದಿದ್ದರೆ ಅದನ್ನು ಕೊಡಲು ಮೇಷ್ಟ್ರ ಭಾಮೈದ, ಅಂದರೆ ಹೆಂಡತಿಯ ತಮ್ಮ, ಅಲ್ಲೇ ಇದ್ದ. ಸಮಾರಂಭಕ್ಕೆ ಮುಂಚೆಯೇ ಅವನು ಇದು ನಮ್ಮ ಭಾವನ ಕೈಚಳಕ, ಇಂಥ ಬೀದಿ, ಇಷ್ಟನೆಯ ಮನೆ ಎಂದು ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದ್ದ. ಯಜಮಾನರು ವೇದಿಕೆಯ ಹಿಂದೆ ಮೇಷ್ಟ್ರನ್ನು ನಿಲ್ಲಿಸಿ, ಸತ್ತವರು ಕೂಡ ಕೇಳುವಷ್ಟು ಗಟ್ಟಿಯಾಗಿ ಬೈದರು. ನಾಳೆಯಿಂದ ಪ್ರೆಸ್ಸಿನ ಮೆಟ್ಟಿಲು ತುಳಿಯಬೇಡಿ ಅಂದರು. ಮೂವತ್ತೊಂದು ವರ್ಷದ ಹೆಸರು ಒಂದೇ ಸಂಜೆಗೆ ಮಣ್ಣುಪಾಲಾಯಿತು. ಮೇಷ್ಟ್ರಿಗೆ ಅಳು ಬಂತು. ಆದರೆ ಅಳಲು ಕೂಡ ಒಂದು ಹುರುಪು ಬೇಕು, ಅದಿರಲಿಲ್ಲ. ಮನೆಗೆ ಬಂದು ಮಲಗಿದರು.

ಮಾರನೆಯ ಬೆಳಿಗ್ಗೆ ಆಟ ಆಡುವವರು ಮೇಷ್ಟ್ರ ಮನೆಯ ಮುಂದೆ ಬಂದು ನಿಂತರು. ಅವರು ಗಲಾಟೆ ಮಾಡುವ ಜನವಲ್ಲ. ಮೂವತ್ತು ನಲವತ್ತು ಮಂದಿ ಕಪ್ಪು ಬಟ್ಟೆ ತೊಟ್ಟು, ತಲೆ ತಗ್ಗಿಸಿ, ವೀರನ ನೆನಪಿಗೆ ಗೇಟಿನ ಬುಡದಲ್ಲಿ ಹೂವಿಟ್ಟು ಮೌನವಾಗಿ ನಿಂತರು. ಹಲ್ಲಿನ ಡಾಕ್ಟರೊಬ್ಬರು ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಟೈಲರು ಕಿಟಕಿಯಿಂದ ಇದನ್ನು ಕಂಡರು. ಕಪ್ಪು ಬಟ್ಟೆ, ಹೂವು, ಎಳೆದ ಪರದೆ. ಮೂವತ್ತೊಂದು ವರ್ಷ ಎಂಟೂ ಹತ್ತಕ್ಕೆ ಮನೆ ಬಿಡುತ್ತಿದ್ದ ಮನುಷ್ಯ ಒಂಬತ್ತಾದರೂ ಹೊರಬಿದ್ದಿಲ್ಲ. ಟೈಲರಿಗೆ ಅಳತೆ ಸಿಕ್ಕಿತು. ಸಾವಿನ ಮನೆಗೆ ಹೋಗಿ ಪ್ರಶ್ನೆ ಕೇಳಬಾರದು ಎಂಬ ಸಭ್ಯತೆ ಅವರಿಗಿತ್ತು. ಆದ್ದರಿಂದ ಯಾರನ್ನೂ ಕೇಳದೆ ಎಲ್ಲರಿಗೂ ಹೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ. ಹತ್ತು ಗಂಟೆಯೊಳಗೆ ಸುದ್ದಿ ಭಾಮೈದನಿಗೆ ಮುಟ್ಟಿತು. ಅಕ್ಕನ ಮುಖ ಹೇಗೆ ನೋಡಲಿ ಎಂದು ಅವನು ಅಕ್ಕನ ಮನೆಗೆ ಬರುವ ಬದಲು ಪ್ರೆಸ್ಸಿಗೆ ಫೋನ್ ಮಾಡಿ ಅತ್ತ.

ಮನೆಯೊಳಗಿನವರಿಗೆ ಇದ್ಯಾವುದೂ ಗೊತ್ತಿಲ್ಲ. ನೆರೆಹೊರೆಯವರು ಹಿತ್ತಿಲ ಬಾಗಿಲಿಗೆ ಬಂದು, ಒಂದು ಮಾತೂ ಆಡದೆ ಊಟದ ಕ್ಯಾರಿಯರ್ ಕೊಟ್ಟು, ಮೇಷ್ಟ್ರ ಹೆಂಡತಿಯ ಭುಜ ತಟ್ಟಿ ಹೋಗುತ್ತಿದ್ದರು. ಆಕೆ ಮೂರು ಕ್ಯಾರಿಯರನ್ನು ಸಾಲಾಗಿ ಜೋಡಿಸಿಟ್ಟಳು.

"ಜನ ಎಷ್ಟು ಒಳ್ಳೆಯವರು ನೋಡ್ರೀ" ಅಂದಳು. "ಕೆಲಸ ಹೋದವರಿಗೆ ಇಷ್ಟು ಮರುಗೋದನ್ನ ನಾನೆಲ್ಲೂ ಕಂಡಿಲ್ಲ."

ಮೇಷ್ಟ್ರು ಕಿಟಕಿಯ ಸಂದಿನಿಂದ ಗೇಟಿನ ಕಡೆ ನೋಡಿದರು. ಅಷ್ಟು ಜನ ತಮ್ಮ ಮೇಲೆ ಸಿಟ್ಟಾಗಿ ನಿಂತಿರುವುದನ್ನು ಕಂಡು ಅವರು ಪರದೆಯನ್ನು ಇನ್ನಷ್ಟು ಎಳೆದರು. ಆದರೂ ಪ್ರೆಸ್ಸಿನ ಬೀರುವಿನ ಕೀ ಅವರ ಹತ್ತಿರವೇ ಉಳಿದಿತ್ತು. ಬೇಡ ಅಂದ ಮೇಲೂ ಕೀ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಕೊಟ್ಟು, ಒಂದು ಮಾತು ಕ್ಷಮೆ ಕೇಳಿ ಬರೋಣವೆಂದು ಹಿತ್ತಿಲ ಓಣಿಯಿಂದ ಹೊರಟರು.

ಪ್ರೆಸ್ಸಿನಲ್ಲಿ ಮೆಷಿನ್ನುಗಳು ನಿಂತಿದ್ದವು. ಅಂಗಳದಲ್ಲಿ ಒಂದು ಕುರ್ಚಿಯ ಮೇಲೆ ಮೇಷ್ಟ್ರ ಗುರುತಿನ ಚೀಟಿಯ ಫೋಟೋವನ್ನು ದೊಡ್ಡದು ಮಾಡಿ ಇಟ್ಟಿದ್ದರು. ಕಣ್ಣು ಅರ್ಧ ಮುಚ್ಚಿದ್ದ ಆ ಫೋಟೋ ಸಂದರ್ಭಕ್ಕೆ ಒಪ್ಪುತ್ತಿತ್ತು. ಎಲ್ಲರೂ ತಲೆ ಬಗ್ಗಿಸಿ ನಿಂತಿದ್ದರು. ಮುಂದೆ ಕಾದಂಬರಿಕಾರರು ಕೂತಿದ್ದರು. ಯಜಮಾನರು ಮಾತಾಡುತ್ತಿದ್ದರು, ಮಾತಿನ ನಡುವೆ ಅಳುತ್ತಿದ್ದರು. ನಿನ್ನೆ ಸಂಜೆ ನಾನು ಆಡಿದ ಮಾತೇ ಆ ಜೀವವನ್ನು ತಿಂದಿತು, ನನ್ನ ನಾಲಿಗೆಗೆ ಹುಳ ಬೀಳಲಿ ಅಂದರು. ಅವರ ಕೈ ದಾಟಿ ಒಂದು ತಪ್ಪು ಹೋದದ್ದಿಲ್ಲ ಅಂದರು. ಇನ್ನು ಮುಂದೆ ಈ ಪ್ರೆಸ್ಸಿನಿಂದ ಹೊರಡುವ ಪ್ರತಿ ಪುಸ್ತಕದಲ್ಲೂ ಅವರ ಹೆಸರು ಇರುತ್ತದೆ, ಇದು ನನ್ನ ಮಾತು ಅಂದರು.

ಮೇಷ್ಟ್ರು ಹಿಂದೆ ಕಾಗದದ ಬಂಡಲುಗಳ ಹತ್ತಿರ ನಿಂತು ಕೇಳಿದರು. ಯಾರ ವಿಷಯ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಅವರು ಅಲುಗಾಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಕೇಳದ ಮಾತುಗಳು ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು. ನಿಲ್ಲಿಸಿ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಯಜಮಾನರು ಮೂವತ್ಮೂರು ವರ್ಷ ದುಡಿದ ಜೀವ ಅಂದರು. ಮೇಷ್ಟ್ರು ಸಹಿಸಿಕೊಂಡರು. ಒಂದು ದಿನವೂ ರಜೆ ಹಾಕಿದವರಲ್ಲ ಅಂದರು. ನಾಲ್ಕು ದಿನ ಹಾಕಿದ್ದರು, ಅದನ್ನೂ ಸಹಿಸಿಕೊಂಡರು. ಯಜಮಾನರು ಮೂಗು ಒರೆಸಿಕೊಂಡು, ಮೂವತ್ಮೂರು ವರ್ಷ ಅಂದರೆ ಸುಮ್ಮನೆ ಮಾತಲ್ಲ ಎಂದು ಎರಡನೆಯ ಸಲ ಶುರು ಮಾಡಿದರು.

"ಮೂವತ್ತೊಂದು" ಅಂದರು ಮೇಷ್ಟ್ರು.

ಬೈಂಡರ್ ತಿರುಗಿ ನೋಡಿ, ಕೂಗಲೂ ಆಗದೆ ಕಾಗದದ ಬಂಡಲಿನ ಮೇಲೆ ಕುಸಿದ. ಯಜಮಾನರು ಫೋಟೋ ನೋಡಿದರು, ಮೇಷ್ಟ್ರನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಕಾದಂಬರಿಕಾರರು ಕುರ್ಚಿಯಿಂದ ನಿಧಾನವಾಗಿ ಎದ್ದರು.

"ಈಗ ಹೇಳಿ ಮೇಷ್ಟ್ರೇ" ಅಂದರು. "ಸತ್ತವನು ಎದ್ದು ಬಂದರೆ ಅದು ತಪ್ಪಾ?"

ಮೇಷ್ಟ್ರು ಕೀ ತೆಗೆದು ಫೋಟೋ ಇದ್ದ ಕುರ್ಚಿಯ ಮೇಲಿಟ್ಟರು.

ಅತ್ತು ಮುಗಿಸಿದ ಮನುಷ್ಯನಿಗೆ ಮತ್ತೆ ಸಿಟ್ಟು ಬರಿಸಿಕೊಳ್ಳುವುದು ಸುಲಭವಲ್ಲ. ಯಜಮಾನರು ಪ್ರಯತ್ನಪಟ್ಟು ಸೋತು, ಕೊನೆಗೆ ಹಾವೂ ಸಾಯದ ಕೋಲೂ ಮುರಿಯದ ಒಂದು ದಾರಿ ಹುಡುಕಿದರು. ತೆಗೆದ ನಾನೂರ ಎಂಬತ್ತೊಂದು ಪುಟವನ್ನು ಮೇಷ್ಟ್ರೇ ವಾಪಸು ಸೇರಿಸಬೇಕು. ಹನ್ನೊಂದು ತಿಂಗಳು ಕೆಲಸ ಮಾಡಿಕೊಂಡು ಮರ್ಯಾದೆಯಿಂದ ಹೋಗಬಹುದು. ಆದರೆ ಜನ ರೊಚ್ಚಿಗೆದ್ದಿದ್ದಾರೆ, ಎರಡನೆಯ ಮುದ್ರಣದಲ್ಲಿ ಅವರ ಹೆಸರು ಇರಕೂಡದು. ಪ್ರತಿ ಪುಸ್ತಕದಲ್ಲೂ ಇರುತ್ತದೆ ಅಂದಿರಲ್ಲ ಎಂದು ಬೈಂಡರ್ ಬಂಡಲಿನ ಮೇಲಿಂದಲೇ ಕೇಳಿದ.

"ಅದು ಸತ್ತವರಿಗೆ ಹೇಳಿದ್ದು" ಅಂದರು ಯಜಮಾನರು. "ಇವರು ಎಲ್ಲಿ ಸತ್ತಿದ್ದಾರೆ?"

ಮೇಷ್ಟ್ರು ಹಳೆಯ ಪ್ರೂಫ್ ಹಾಳೆಗಳನ್ನು ಹರಡಿಕೊಂಡು ಕೂತರು. ಹೊಡೆದುಹಾಕಿದ್ದನ್ನು ಉಳಿಸಬೇಕಾದರೆ ಪ್ರೂಫ್ ನೋಡುವವರು ಆ ಸಾಲಿನ ಅಡಿಯಲ್ಲಿ ಸಾಲಾಗಿ ಚುಕ್ಕಿ ಇಡುತ್ತಾರೆ. ಚುಕ್ಕಿ ಇದ್ದರೆ ಅಡ್ಡಗೆರೆ ಲೆಕ್ಕಕ್ಕಿಲ್ಲ, ಸಾಲು ಇದ್ದ ಹಾಗೇ ಇರಬೇಕು ಎಂದು ಅರ್ಥ. ಒಂಬತ್ತು ದಿನ ಅವರು ಚುಕ್ಕಿ ಇಟ್ಟರು. ಮತ್ತೇನು ಕೊಲೆ ನಡೆಯುತ್ತದೋ ಎಂಬ ಅನುಮಾನದಿಂದ ಕಾದಂಬರಿಕಾರರು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತರು. ಎರಡನೆಯ ದಿನದಿಂದ ಒಂದೊಂದು ಸಾವಿನ ಹಿಂದಿನ ಕಥೆ ಬಿಚ್ಚಿದರು. ಇಲ್ಲಿ ಕಾಲು ಜಾರಿತು. ಇಲ್ಲಿ ಹೆಂಡತಿ ಊಟಕ್ಕೆ ಕರೆದಳು, ತಿರುಗಿ ನೋಡುವಷ್ಟರಲ್ಲಿ ರಾಕ್ಷಸ ಕೊಂದುಬಿಟ್ಟ. ಇಪ್ಪತ್ತು ವರ್ಷ ಮನೆಮನೆಗೆ ಹೋಗಿ ನಾಳೆ ನೀವು ಸಾಯಬಹುದು ಎಂದು ಹೇಳಿ ಹೇಳಿ ತನಗೇ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲವೆಂದೂ, ಸತ್ತ ಮೇಲೆ ಏನೂ ಆಗಿಲ್ಲವೆಂಬಂತೆ ಬಾವಿಕಟ್ಟೆಯ ಹತ್ತಿರ ಏಳುವ ಜಾಗ ಒಂದು ಸಿಕ್ಕಿದಾಗ ಬಿಟ್ಟು ಬರಲು ಮನಸ್ಸಾಗಲಿಲ್ಲವೆಂದೂ ಹೇಳಿದರು. ಮೇಷ್ಟ್ರು ಕೇಳುತ್ತ ಚುಕ್ಕಿ ಇಟ್ಟರು. ಪಾಪದ ಮನುಷ್ಯ ಅನಿಸಿತು.

ಏಳನೆಯ ದಿನ ಕಾದಂಬರಿಕಾರರು ನೆಲ ನೋಡುತ್ತ, ನಿಮ್ಮ ಸಣ್ಣ ಪುಸ್ತಕ ಓದಿ ನನ್ನ ಹೆಂಡತಿ ಅತ್ತಳು ಅಂದರು. ನನ್ನ ದೊಡ್ಡದನ್ನು ಓದಿ ಅವಳು ನಿದ್ದೆ ಮಾಡಿದ್ದಳು ಎಂದೂ ಸೇರಿಸಿದರು.

ಒಂಬತ್ತನೆಯ ದಿನ ನಲವತ್ತೇಳನೆಯ ಸಲ ವೀರ ಎದ್ದು, ಘಟಸರ್ಪ ಸತ್ತು, ಪುಸ್ತಕ ಮುಗಿಯಿತು. ಉಳಿದದ್ದು ಶೀರ್ಷಿಕೆ ಪುಟದ ಹಿಂಬದಿ. ಮೇಷ್ಟ್ರು ಅಳತೆಪಟ್ಟಿ ತೆಗೆದು, ತಮ್ಮ ಹೆಸರಿನ ಮೇಲೆ ಇಟ್ಟು, ಕೆಂಪು ಪೆನ್ನಿನಲ್ಲಿ ನೇರವಾದ ಒಂದು ಗೆರೆ ಎಳೆದರು. ಎಳೆದ ಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಕನ್ನಡಕ ತೆಗೆದು, ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

ಮುಖದಿಂದ ಕೈ ತೆಗೆದಾಗ ಪೆನ್ನು ಕಾದಂಬರಿಕಾರರ ಕೈಯಲ್ಲಿತ್ತು. ಅವರು ನಾಲಿಗೆ ಕಚ್ಚಿಕೊಂಡು, ಹಾಳೆಯ ಮೇಲೆ ಬಗ್ಗಿ, ಹೆಸರಿನ ಅಡಿಯಲ್ಲಿ ಚುಕ್ಕಿ ಇಡುತ್ತಿದ್ದರು.

ಯಜಮಾನರು ಒಪ್ಪುವುದಿಲ್ಲ ಎಂದರು ಮೇಷ್ಟ್ರು.

"ಅವನಿಗೆ ಅವನ ಅಕ್ಕನ ಕೈಲಿ ಹೇಳಿಸ್ತೀನಿ" ಅಂದರು ಕಾದಂಬರಿಕಾರರು, ತಲೆ ಎತ್ತದೆ. "ನನ್ನವನನ್ನ ನೀವು ನಲವತ್ತೇಳು ಸಲ ಎಬ್ಬಿಸಿದಿರಿ. ಒಂದು ಸಲ ನಾನು ಎಬ್ಬಿಸಬಾರದಾ?"

ಕೆಲಸ ಬಾರದ ಕೈ. ಚುಕ್ಕಿಗಳು ಒಂದು ಮೇಲೆ ಒಂದು ಕೆಳಗೆ ಬಿದ್ದಿದ್ದವು, ಕೊನೆಯ ಅಕ್ಷರದ ಅಡಿಯಲ್ಲಿ ಬಿದ್ದೇ ಇರಲಿಲ್ಲ. ಮೇಷ್ಟ್ರು ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಹಾಗೆಯೇ ಮೆಷಿನ್ನಿಗೆ ಕಳಿಸಿದರು.